ಬೇಲಿಗಣ್ಣಿನ ಎಣಿಕೆ

ಜೂನ್ 3, ಸೋಮವಾರ

ನಮ್ಮ ಯಜಮಾನರ ಹೆಸರಿಗೆ ಒಂದು ಲಕೋಟೆ ಬಂತು. ಮನುಷ್ಯ ಹೋಗಿ ನಾಲ್ಕು ತಿಂಗಳಾಯಿತು, ಟಪಾಲಿನವನ ಪಾಲಿಗೆ ಮಾತ್ರ ಇನ್ನೂ ಇದ್ದಾರೆ. ಕಳಿಸಿದವರು ಯಾರೋ ‘ಅಪರೂಪದ ಕಾಡುಹೂಗಳ ಗೆಳೆಯರ ಸಂಘ’ದವರು. ಇವರು ಅದರ ಸದಸ್ಯರಾದದ್ದು ಯಾವಾಗಲೋ, ನನಗೊಂದು ಮಾತು ಹೇಳಿರಲಿಲ್ಲ. ಒಳಗೆ ಬೆರಳುದ್ದದ ಪೊಟ್ಟಣ, ನಾಲ್ಕು ಪುಟದ ಸೂಚನೆ, ಒಂದು ಪತ್ರ.

“ತಾವು ಕೋರಿದಂತೆ ಬೇಲಿಗಣ್ಣು ಹೂವಿನ ಹನ್ನೆರಡು ಬೀಜಗಳನ್ನು ಕಳಿಸಿದೆ. ಇದು ಒಂದೇ ವರ್ಷ ಬದುಕುವ ಗಿಡ. ಬೀಜವೂ ಮುಂದಿನ ವರ್ಷದವರೆಗೆ ಮಾತ್ರ ಬಾಳುತ್ತದೆ. ಸದ್ಯ ಇದು ಐವರು ಸದಸ್ಯರ ಬಳಿ ಮಾತ್ರ ಇದೆ. ಈ ವರ್ಷ ತಪ್ಪಿದರೆ ಮುಗಿಯಿತು.”

ಬೇಲಿಗಣ್ಣು! ರೈಲ್ವೆ ಗೇಟಿನಲ್ಲಿ ಇಪ್ಪತ್ತಾರು ವರ್ಷ ಬಾವುಟ ಹಿಡಿದು ನಿಂತ ಮನುಷ್ಯ ಇವರು. ವರ್ಷಕ್ಕೊಂದು ದಿನ ಮನೆಗೆ ಬಂದವರೇ, “ಇವತ್ತು ಬೇಲಿಗಣ್ಣು ಬಿಟ್ಟಿದೆ ಕಣೇ” ಅನ್ನುತ್ತಿದ್ದರು. “ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ” ಅನ್ನುತ್ತಿದ್ದೆ ನಾನು. ಒಂದು ವರ್ಷ ಹಳಿಯ ಪಕ್ಕಕ್ಕೆಲ್ಲ ಜಲ್ಲಿ ಸುರಿದರು. ಹೂ ಹೋಯಿತು. ಇವರು ಎರಡು ದಿನ ಮಾತಾಡಲಿಲ್ಲ. ನಾನು ಜ್ವರವಿರಬೇಕೆಂದು ಮಾತ್ರೆ ಕೊಟ್ಟಿದ್ದೆ.

ಇದನ್ನು ಬರೆಯುತ್ತಿರುವುದು ವಾರ್ಡಿನ ಹಳೆಯ ರಿಪೋರ್ಟ್ ಪುಸ್ತಕದಲ್ಲಿ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿದ್ದು ಮೇಟ್ರನ್ ಆಗಿ ನಿವೃತ್ತಳಾದೆ. ಬರೆಯದಿದ್ದರೆ ದಿನ ಮುಗಿದಂತೆಯೇ ಅನಿಸುವುದಿಲ್ಲ.

ಮನೆಯಲ್ಲಿ ಈಗ ನಾನು ಮತ್ತು ನಾದಿನಿ. ಇವರ ತಂಗಿ. ಹೊಲಿಗೆಯವಳು, ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡಿದ್ದಾಳೆ. ಇಪ್ಪತ್ತೆರಡು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ನಾವಿಬ್ಬರು ನೇರವಾಗಿ ಮಾತಾಡಿದ್ದು ಅಷ್ಟಕ್ಕಷ್ಟೇ. “ನಿಮ್ಮ ತಂಗಿಗೆ ಹೇಳಿ” ಎಂದು ನಾನು, “ಅತ್ತಿಗೇಗೆ ಹೇಳಣ್ಣ” ಎಂದು ಅವಳು. ನಡುವೆ ಇವರು. ಈಗ ಇಬ್ಬರೂ ನಡುಮನೆಯಲ್ಲಿರುವ ಇವರ ಫೋಟೋಗೆ ಹೇಳುತ್ತೇವೆ, ಕೇಳಬೇಕಾದವರಿಗೆ ಕೇಳುವಷ್ಟು ಗಟ್ಟಿಯಾಗಿ.

ಲಕೋಟೆ ನೋಡಿದ್ದೇ ಅವಳು ಫೋಟೋ ಮುಂದೆ ನಿಂತಳು. “ನೋಡಣ್ಣ, ಇದನ್ನ ಹುಲ್ಲಲ್ಲಿ ಹಾಕ್ಬೇಕು ಅಂತ ನೀನೇ ಹೇಳಿದ್ದೆ. ಕೆಲವರಿಗೆ ಹೇಳಿದ್ರೂ ತಲೆಗೆ ಹೋಗಲ್ಲ.”

“ರೀ,” ಎಂದೆ ನಾನೂ ಫೋಟೋಗೆ, “ಹುಲ್ಲಲ್ಲಿ ಬೆಳೆಯೋದು ಹುಳಹುಪ್ಪಟೆ. ಇಷ್ಟು ಜನರ ಜೀವ ಉಳಿಸಿದೀನಿ, ಒಂದು ಗಿಡ ಬದುಕಿಸೋದನ್ನ ನನಗೆ ಹೊಲಿಗೆಯವರು ಹೇಳ್ಕೊಡಬೇಕಾ?”

ಪೊಟ್ಟಣವನ್ನು ಫೋಟೋದ ಕೆಳಗಿನ ಹಲಗೆಯ ಮೇಲಿಟ್ಟೆ. ನಾಳೆ ಒಳ್ಳೆಯ ಬೆಳಕಿನಲ್ಲಿ ಎಣಿಸಬೇಕು.

ಜೂನ್ 4, ಮಂಗಳವಾರ

ಒಂಬತ್ತು!

ಬಿಳಿ ತಟ್ಟೆಯ ಮೇಲೆ ಸುರಿದು, ಚಿಮುಟದಿಂದ ಒಂದೊಂದಾಗಿ ಸರಿಸಿ, ಮೂರು ಸಲ ಎಣಿಸಿದೆ. ಒಂಬತ್ತೇ. ಆಪರೇಷನ್ ಮುಗಿದ ಮೇಲೆ ಕತ್ತರಿ, ಹತ್ತಿ, ಸೂಜಿ ಎಲ್ಲವನ್ನೂ ಎಣಿಸಿ ಲೆಕ್ಕ ಒಪ್ಪಿಸುತ್ತಿದ್ದವಳು ನಾನು. ಒಂದು ಸಲ ಒಂದು ಸೂಜಿ ಕಡಿಮೆ ಬಂದಾಗ ದೊಡ್ಡ ಸರ್ಜನ್ನನನ್ನು ಬಾಗಿಲ ಬಳಿಯೇ ನಿಲ್ಲಿಸಿದ್ದೆ. ಸೂಜಿ ಅವನ ಚಪ್ಪಲಿಯಲ್ಲಿ ಸಿಕ್ಕಿತು. ನನ್ನ ಎಣಿಕೆ ಒಮ್ಮೆಯೂ ತಪ್ಪಿಲ್ಲ, ತಪ್ಪುವುದೂ ಇಲ್ಲ.

ಸಂಘಕ್ಕೆ ಪತ್ರ ಬರೆದೆ. “ಹನ್ನೆರಡು ಎಂದು ಬರೆದು ಒಂಬತ್ತು ಕಳಿಸುವುದು ಯಾವ ಸೀಮೆಯ ಪ್ರಕೃತಿಪ್ರೇಮ? ಒಂದೋ ನಿಮಗೆ ಎಣಿಸಲು ಬರುವುದಿಲ್ಲ, ಇಲ್ಲವೇ ನಿಮ್ಮಲ್ಲಿ ಕಳ್ಳರಿದ್ದಾರೆ.” ಅಂಚೆಗೆ ಹಾಕುವ ಮೊದಲು ನಾದಿನಿಗೆ ಕೇಳಲೆಂದು ಫೋಟೋಗೆ ಓದಿ ಹೇಳಿದೆ. ಮಿಷನ್ನಿನ ಸದ್ದು ಒಂದು ಕ್ಷಣ ನಿಂತು, ಆಮೇಲೆ ಎರಡರಷ್ಟು ಜೋರಾಯಿತು.

ಜೂನ್ 8, ಶನಿವಾರ

ಬಿತ್ತನೆ ಆಯಿತು. ಮಣ್ಣನ್ನು ಜರಡಿ ಹಿಡಿದು, ಕುಕ್ಕರಿನಲ್ಲಿ ಐದು ಕೂಗು ಕೂಗಿಸಿ, ಆರಿಸಿ, ಒಂಬತ್ತು ಕುಂಡಗಳಿಗೆ ತುಂಬಿದೆ. ಕುಂಡಕ್ಕೊಂದು ನಂಬರು, ನಂಬರಿಗೊಂದು ಚಾರ್ಟು. ಸುತ್ತಮುತ್ತ ಒಂದೆಳೆ ಹುಲ್ಲಿಲ್ಲದಂತೆ ಕಿತ್ತು ಗುಡಿಸಿದ್ದೇನೆ. ಸೂಚನೆಯ ಮೊದಲ ಪುಟದ ತುಂಬ ಅಧ್ಯಕ್ಷರ ಸಂದೇಶ, ಎರಡನೆಯದರಲ್ಲಿ ಉಪಾಧ್ಯಕ್ಷರ ಶುಭಾಶಯ, ಮೂರನೆಯದರಲ್ಲಿ ಕಾರ್ಯದರ್ಶಿ ಬರೆದ ಕವನ. ಅಷ್ಟು ಓದುವ ಹೊತ್ತಿಗೆ ತಲೆ ಚಿಟ್ಟು ಹಿಡಿಯಿತು. ನಾಲ್ಕನೆಯದನ್ನು ಬಿಟ್ಟೆ.

ಹಿತ್ತಲಿನಲ್ಲಿ ಈಗ ಕೊಳಕಾಗಿ ಉಳಿದಿರುವುದು ಒಂದೇ ಜಾಗ. ಬಟ್ಟೆ ತಂತಿಯ ಕೆಳಗೆ ನಾದಿನಿ ಬೆಳೆಸಿಕೊಂಡಿರುವ ಹುಲ್ಲು. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ನೆನೆಸಿ, ತಂತಿಗೆ ಹಾಕಿದರೆ ಜೋತುಬೀಳುತ್ತದೆಂದು ಹುಲ್ಲಿನ ಮೇಲೆ ಹರವುತ್ತಾಳೆ. ಅದನ್ನು ಕೀಳಿಸಬೇಕೆಂದು ಇಪ್ಪತ್ತೆರಡು ವರ್ಷದಿಂದ ನಾನು, ಕೀಳಬಾರದೆಂದು ಅವಳು. “ರೀ, ಆ ಹುಲ್ಲನ್ನ ತೆಗಿಸಿ” ಎಂದೆ ಫೋಟೋಗೆ. “ಅಣ್ಣಾ, ನನ್ನ ಹೆಣ ಬಿದ್ದ ಮೇಲೆ ತೆಗಿಸಲಿ” ಎಂದಳು ಆಕಡೆಯಿಂದ. ಇವರು ಎಂದಿನ ಹಾಗೆ ಸುಮ್ಮನೆ ನಗುತ್ತಿದ್ದರು.

ಜೂನ್ 22, ಶನಿವಾರ

ಒಂಬತ್ತಕ್ಕೆ ಒಂಬತ್ತೂ ಮೊಳೆತಿವೆ! ಕುಂಡಗಳ ಮುಂದೆ ಕುಕ್ಕರುಗಾಲಿನಲ್ಲಿ ಅರ್ಧ ಗಂಟೆ ಕೂತಿದ್ದೆ, ಏಳುವಾಗ ಮಂಡಿ ಹಿಡಿದುಕೊಂಡಿತು. ಏಳಲಾಗದೆ ಒದ್ದಾಡುತ್ತಿದ್ದರೆ ನಾದಿನಿ ಬಂದು ರಟ್ಟೆ ಹಿಡಿದೆತ್ತಿ ಮಿಷನ್ನಿಗೆ ಮರಳಿದಳು. ಯಾರು ಕರೆದಿದ್ದರು ಅವಳನ್ನು?

ಸಂಘದ ಉತ್ತರವೂ ಬಂತು. ‘ಮೂರು ಬೀಜಗಳ ಕಾಣೆಯಾಗುವಿಕೆ’ ಕುರಿತು ಮೂವರ ಉಪಸಮಿತಿ ರಚನೆಯಾಗಿದೆಯಂತೆ. ಬೀಜಕ್ಕೊಬ್ಬರು!

ಜುಲೈ 8, ಸೋಮವಾರ

3ನೇ ನಂಬರಿನ ಎಲೆ ಹಳದಿ. ಪೋಷಣೆ ಸಾಲದೆಂದು ಕಾಣುತ್ತದೆ. ಗೊಬ್ಬರ ಹಾಕಿದೆ.

ಜುಲೈ 10, ಬುಧವಾರ

3 ಹೋಯಿತು. 7ಕ್ಕೂ ಹಳದಿ.

ಜುಲೈ 21, ಭಾನುವಾರ

ಐದು ಉಳಿದಿವೆ. ಅಟ್ಟದಿಂದ ಹಳೆಯ ಡ್ರಿಪ್ ಬಾಟಲಿ ಇಳಿಸಿ, ಕೋಲಿಗೆ ಕಟ್ಟಿ, ನಿಮಿಷಕ್ಕೆ ನಾಲ್ಕು ಹನಿಯಂತೆ ಗ್ಲೂಕೋಸ್ ನೀರು ಬಿಟ್ಟಿದ್ದೇನೆ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಇಣುಕಿ, “ಪೇಷಂಟ್ ಹೇಗಿದ್ದಾರೆ ಮೇಡಂ?” ಎಂದರು. ನಾನು ಹನಿ ಎಣಿಸುತ್ತಲೇ ಇದ್ದೆ. ಹಲ್ಲು ಕಿರಿಯುವುದಕ್ಕೆ ಹೊತ್ತುಗೊತ್ತಿಲ್ಲ ಜನಕ್ಕೆ.

ನಾದಿನಿ ಇತ್ತೀಚೆಗೆ ಬೆಳಿಗ್ಗೆ ಎದ್ದವಳೇ ಅವಳ ಹುಲ್ಲಿನಲ್ಲಿ ಕೂತಿರುತ್ತಾಳೆ. ಫೋಟೋ ಮೂಲಕ ಕೇಳಿದರೆ ದಾರದ ಚೂರು ಆರಿಸುತ್ತಿದ್ದೇನೆ ಎನ್ನುತ್ತಾಳೆ. ಮಾಡಲು ಕೆಲಸವಿಲ್ಲದವರ ಹಣೆಬರಹ.

ಜುಲೈ 28, ಭಾನುವಾರ

ಎರಡು.

ಮಧ್ಯಾಹ್ನ ಕುಂಡದ ಮುಂದೆ ಕೂತಿದ್ದಾಗ ಅಳು ಬಂತು. ಇವರು ಹೋದ ದಿನ ಅತ್ತಿರಲಿಲ್ಲ. ಬಂದವರಿಗೆ ಕುರ್ಚಿ ಹಾಕಿಸುವುದು, ಕಾಗದಪತ್ರ ನೋಡುವುದು, ಕೆಲಸ ಬೇಕಾದಷ್ಟಿತ್ತು. ಇವತ್ತು ಒಂದು ಬಡಕಲು ಗಿಡದ ಮುಂದೆ ಮೂಗು ಸೋರುವಷ್ಟು ಅತ್ತೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವಾದರೂ “ಬನ್ನಿ, ತೋರಿಸಿ, ಎಲ್ಲಿದೆ ನಿಮ್ಮ ಹೂ” ಎನ್ನಬಹುದಿತ್ತು. ರೈಲ್ವೆ ಗೇಟು ಮನೆಯಿಂದ ಹತ್ತು ನಿಮಿಷದ ದಾರಿ.

ಒಳಗೆ ಬಂದರೆ ನಾದಿನಿ ಫೋಟೋಗೆ ಹೇಳುತ್ತಿದ್ದಳು, “ಅಣ್ಣಾ, ಅತ್ತಿಗೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಮುಚ್ಚಿಟ್ಟಿದೀನಿ, ತಣ್ಣಗಾಗ್ತಿದೆ.” ಅವಳ ಕಣ್ಣೂ ಕೆಂಪಗಿತ್ತು. ತಿಂದೆ. ಉಪ್ಪು ಜಾಸ್ತಿಯಾಗಿತ್ತು, ಹೇಳಲು ಮನಸ್ಸಾಗಲಿಲ್ಲ.

ಆಗಸ್ಟ್ 2, ಶುಕ್ರವಾರ

ವಾರ್ಡ್ ಖಾಲಿ.

ಆಗಸ್ಟ್ 14, ಬುಧವಾರ

ಬರೆಯುವಂಥದ್ದೇನಿಲ್ಲ. ನಾದಿನಿ ಒಂದೇ ಬೆಡ್‌ಶೀಟನ್ನು ವಾರಕ್ಕೆ ಮೂರು ಸಲ ಒಗೆದು ಹುಲ್ಲಿನ ಮೇಲೆ ಹರವುತ್ತಿದ್ದಾಳೆ. ಅದೂ ನಾನು ಹಿತ್ತಲಿಗೆ ಬರುವ ಹೊತ್ತಿಗೇ. ನಡುನಡುವೆ ಕೋಲು ನೆಟ್ಟು ಡೇರೆಯ ಹಾಗೆ ಎತ್ತರಿಸಿ ಬೇರೆ. ವಯಸ್ಸಾದಂತೆ ಇವಳಿಗೆ ಮಡಿ ಹೆಚ್ಚಾಯಿತೋ, ಮಂಕು ಹೆಚ್ಚಾಯಿತೋ ಕಾಣೆ.

ಆಗಸ್ಟ್ 19, ಸೋಮವಾರ

ಸಂಘದಿಂದ ಪತ್ರ. ಉಳಿದ ನಾಲ್ವರು ಸದಸ್ಯರ ಕಥೆ ಹೀಗಿದೆ: ಒಬ್ಬರು ಬೀಜವನ್ನು ವಾರ್ಷಿಕ ಸಭೆಯಲ್ಲಿ ತೋರಿಸಲೆಂದು ಬೀರುವಿನಲ್ಲಿಟ್ಟು ಬೀಗದ ಕೈ ಕಳೆದುಕೊಂಡಿದ್ದಾರೆ. ಇನ್ನೊಬ್ಬರು ಯಾವುದೋ ಕಳೆಯನ್ನು ಮೂರು ತಿಂಗಳು ಸಾಕಿ ಫೋಟೋ ಕಳಿಸಿದ್ದಾರೆ. ಮೂರನೆಯವರ ಗಿಡವನ್ನು ಬಸವನಹುಳು ತಿಂದಿದೆ. ನಾಲ್ಕನೆಯವರು ಅಧ್ಯಕ್ಷರೇ. ಅವರು ಭಾಷಣದ ಓಡಾಟದಲ್ಲಿ ಬಿತ್ತುವುದನ್ನು ಮರೆತರು. “ಆದ್ದರಿಂದ ನಿಮ್ಮ ಮನೆಯೊಂದೇ ಭರವಸೆ. ಸೆಪ್ಟೆಂಬರ್ ಒಂದರಂದು ಉಪಸಮಿತಿ ಖುದ್ದಾಗಿ ಬಂದು ಗಿಡಗಳನ್ನೂ ಕಾಣೆಯಾದ ಬೀಜಗಳ ವಿಷಯವನ್ನೂ ಪರಿಶೀಲಿಸಲಿದೆ.”

ತಪ್ಪು ಸಂಘದವರದೇ ಎಂದು ಹೇಳಲು ಏನಾದರೂ ಸಿಗಬಹುದೆಂದು ಸೂಚನೆಯನ್ನು ಹುಡುಕಿ, ಆ ನಾಲ್ಕನೆಯ ಪುಟ ತೆಗೆದೆ. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: “ವಿ.ಸೂ. ಬೇಲಿಗಣ್ಣಿನ ಬೇರು ಅಕ್ಕಪಕ್ಕದ ಹುಲ್ಲಿನ ಬೇರನ್ನು ಹಿಡಿದುಕೊಂಡೇ ಆಹಾರ ಪಡೆಯುತ್ತದೆ. ಹುಲ್ಲಿಲ್ಲದ ಕಡೆ ಮೊಳೆತರೂ ಬದುಕುವುದಿಲ್ಲ. ಬೆಳೆದ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೂ ಸಾಯುತ್ತದೆ.”

ಇಷ್ಟು ಮುಖ್ಯವಾದದ್ದನ್ನು ಕವನದ ಹಿಂದೆ ಅಡಗಿಸಿಟ್ಟದ್ದು ಯಾರ ತಪ್ಪು? ಅವರದೇ. ಹತ್ತು ಸಲ ಹಾಗೆಂದುಕೊಂಡೆ. ಆದರೆ ನಾದಿನಿ ಮೊದಲ ದಿನವೇ ಹೇಳಿದ್ದಳು. ನಾನು ಒಂದೊಂದೆಳೆ ಹುಲ್ಲನ್ನೂ ಕಿತ್ತು, ಒಂಬತ್ತನ್ನೂ ಉಪವಾಸ ಕೆಡವಿ ಕೊಂದೆ.

ಮುಖ ತೊಳೆಯಲು ಹಿತ್ತಲಿಗೆ ಹೋದೆ. ಗಾಳಿಗೆ ಬೆಡ್‌ಶೀಟು ಹಾರಿ ತಂತಿಗೆ ಸಿಕ್ಕಿಕೊಂಡಿತ್ತು. ಹುಲ್ಲಿನ ನಡುವೆ ಗೇಣುದ್ದದ ಮೂರು ಗಿಡ. ನನ್ನ ಕುಂಡದಲ್ಲಿದ್ದ ಅದೇ ಎಲೆ. ಹಸಿರಾಗಿ, ದಷ್ಟಪುಷ್ಟವಾಗಿ, ತುದಿಯಲ್ಲಿ ಮೊಗ್ಗು.

ನಾದಿನಿ ಓಡಿಬಂದು ನಿಂತಳು. ಫೋಟೋ ಒಳಗಿತ್ತು, ಬೇರೆ ದಾರಿಯಿರಲಿಲ್ಲ.

“ಕದ್ದೆಯಾ?” ಎಂದೆ.

“ಕದ್ದೆ. ಮೂರೇ ಮೂರು. ಬಾಬಿನ್ ಡಬ್ಬೀಲಿ ಇಟ್ಕೊಂಡಿದ್ದೆ.”

“ನನ್ನ ಗಿಡ ಒಂದೊಂದಾಗಿ ಸಾಯ್ತಿದ್ದಾಗ ನೋಡ್ತಾ ಕೂತಿದ್ದೆಯಲ್ಲೇ!”

“ಹೇಳಿದ್ರೆ ಕೇಳ್ತಿದ್ರಾ ಅತ್ತಿಗೆ? ಹುಲ್ಲು ಸಮೇತ ಇದನ್ನೂ ಕಿತ್ತುಹಾಕ್ತಿದ್ರಿ. ನನಗೂ ಹೆದರಿಕೆ ಇರಲ್ವಾ? ಅವನು ನಿಮಗೆ ಗಂಡ ಆದ್ರೆ ನನಗೂ ಅಣ್ಣನೇ ಅಲ್ವಾ? ಹೋಗೋ ಮುಂಚೆ ಒಂದೇ ಒಂದು ಆಸೆ ಹೇಳಿದ್ದು ಅವನು, ಈ ಹೂ ಉಳೀಬೇಕು ಅಂತ.”

ನಾನು ತಂತಿಯಿಂದ ಬೆಡ್‌ಶೀಟು ಬಿಡಿಸಿ ಮಡಿಸಿದೆ. ಒಂದು ತುದಿಯನ್ನು ಅವಳು ಹಿಡಿದಳು.

ಸೆಪ್ಟೆಂಬರ್ 1, ಭಾನುವಾರ

ಉಪಸಮಿತಿ ಬಂತು. ಅಧ್ಯಕ್ಷರು, ಕಾರ್ಯದರ್ಶಿ, ಫೈಲು ಹೊರುವ ಒಬ್ಬ ಸದಸ್ಯರು. ಅಧ್ಯಕ್ಷರು ಕಾಲಿಟ್ಟ ಗಳಿಗೆಯಿಂದ ಭೂಮಿತಾಯಿಯ ಬಗ್ಗೆ ಮಾತಾಡುತ್ತಲೇ ಹಿತ್ತಲಿಗೆ ನಡೆದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಭೂಮಿತಾಯಿಯ ಕೊನೆಯ ಮೂರು ಬೇಲಿಗಣ್ಣು ಅವರ ಬೂಟಿನಡಿ ಇರುತ್ತಿದ್ದವು. ನಾದಿನಿ ಅವರ ತೋಳು ಹಿಡಿದು ಎಳೆದು ಕುರ್ಚಿಯಲ್ಲಿ ಕೂರಿಸಿದಳು.

ಕಾರ್ಯದರ್ಶಿ ಖಾಲಿ ಕುಂಡಗಳನ್ನು ಎಣಿಸಿದರು. “ಒಂಬತ್ತು. ನೀವು ಬರೆದದ್ದೂ ಒಂಬತ್ತು. ಹಾಗಾದ್ರೆ ಈ ಮೂರು ಎಲ್ಲಿಂದ ಬಂದವು ಮೇಡಂ? ನಮ್ಮ ರವಾನೆ ಪುಸ್ತಕದಲ್ಲಿ ಹನ್ನೆರಡು ಅಂತಲೇ ಇದೆ.” ಫೈಲಿನಿಂದ ನನ್ನ ಪತ್ರ ತೆಗೆದು ಗಟ್ಟಿಯಾಗಿ ಓದಿದರು. ‘ಕಳ್ಳರಿದ್ದಾರೆ’ ಎಂಬುದನ್ನು ಎರಡು ಸಲ ಓದಿದರು. “ಅಂದ್ರೆ ಕಳ್ಳರು ನಮ್ಮಲ್ಲಿಲ್ಲ, ಈ ಮನೇಲೇ ಇದ್ದಾರೆ. ನಿಯಮ ಹದಿನಾಲ್ಕು ನೋಡಿ. ಸದಸ್ಯರಲ್ಲದವರು ಬೀಜ ಅಪಹರಿಸಿ ಬಿತ್ತಿದ್ರೆ ಆ ಗಿಡಗಳನ್ನ ಸಂಘ ವಶಕ್ಕೆ ತಗೊಂಡು ಅಧ್ಯಕ್ಷರ ತೋಟಕ್ಕೆ ಸಾಗಿಸಬೇಕು.”

“ಕಿತ್ತರೆ ಸಾಯುತ್ತೆ ಅಂತ ನೀವೇ ಬರೆದಿದೀರಲ್ಲ!” ಎಂದೆ.

“ಎಲ್ಲಿ?” ಎಂದರು ಅಧ್ಯಕ್ಷರು. ಅವರೂ ನಾಲ್ಕನೆಯ ಪುಟ ಓದಿರಲಿಲ್ಲ.

“ಸಾಯುತ್ತೆ ಸರಿ, ಆದ್ರೆ ನಿಯಮ ನಿಯಮವೇ,” ಎಂದರು ಕಾರ್ಯದರ್ಶಿ. ಸದಸ್ಯರು ಚೀಲದಿಂದ ಹೊಚ್ಚಹೊಸ ಸನಿಕೆ ತೆಗೆದರು. ನಾದಿನಿ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ನಿಂತಿದ್ದಳು.

“ಯಜಮಾನರ ಅರ್ಜಿಯನ್ನೂ ಒಮ್ಮೆ ಓದಿಬಿಡ್ತೀನಿ, ದಾಖಲೆಗೆ,” ಎಂದು ಕಾರ್ಯದರ್ಶಿ ಇನ್ನೊಂದು ಹಾಳೆ ತೆಗೆದರು. ಜನವರಿಯ ತಾರೀಕು. ಹಾಸಿಗೆ ಹಿಡಿದ ಮೇಲೆ ಬರೆದದ್ದು, ಅಕ್ಷರ ಸೊಟ್ಟಗಿತ್ತು. “ಬಿತ್ತುವ ಜಾಗ: ತಂಗಿಯ ಹುಲ್ಲಿನಲ್ಲಿ. ನೋಡಿಕೊಳ್ಳುವವರು: ಹೆಂಡತಿ.”

ನನ್ನ ಕನ್ನಡಕ ಮಂಜಾಯಿತು. ತೆಗೆದು ಒರೆಸಿದೆ, ಮತ್ತೆ ಮಂಜಾಯಿತು. ಹೇಳಬೇಕಾದದ್ದನ್ನು ಕನ್ನಡಕವಿಲ್ಲದೆಯೇ ಹೇಳಿದೆ.

“ಯಾರೂ ಕದ್ದಿಲ್ಲ. ಹನ್ನೆರಡು ಬೀಜ ಬಂದಿತ್ತು. ಒಂಬತ್ತು ಕುಂಡಕ್ಕೆ, ಮೂರು ಅರ್ಜೀಲಿ ಬರೆದ ಜಾಗಕ್ಕೆ. ನಾನೇ ಹಾಕ್ಸಿದ್ದು. ಎಣಿಸುವಾಗ ತಪ್ಪಿದೆ.”

“ತಪ್ಪಿದ್ದು ಯಾರು?”

“ನಾನು. ಮೂವತ್ತೊಂದು ವರ್ಷದ ಮೇಟ್ರನ್. ಎಣಿಸೋಕೆ ಬರಲಿಲ್ಲ ನನಗೆ. ಸಾಕಾ?”

ಸಾಕಾಗಲಿಲ್ಲ. ಬರೆದುಕೊಡಬೇಕಂತೆ. “ನನ್ನ ಎಣಿಕೆ ತಪ್ಪಾಗಿತ್ತು, ಸಂಘದ ಎಣಿಕೆ ಸರಿಯಾಗಿತ್ತು” ಎಂದು ಬರೆದು ಸಹಿ ಹಾಕಿದೆ. ಆ ಸರ್ಜನ್ ಬದುಕಿದ್ದು ಇದನ್ನು ಕೇಳಿದರೆ ಊರಿಗೆಲ್ಲ ಸಿಹಿ ಹಂಚುತ್ತಾನೆ. ಸನಿಕೆ ಚೀಲಕ್ಕೆ ಹೋಯಿತು. ಅಧ್ಯಕ್ಷರು ಹೊರಡುವಾಗ ಪ್ರಾಮಾಣಿಕತೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದರು.

ಗೇಟು ಹಾಕಿಕೊಂಡು ಬಂದ ನಾದಿನಿ, “ಅತ್ತಿಗೆ, ನಿಮ್ಮ ಎಣಿಕೆ ತಪ್ಪಿರಲಿಲ್ಲ” ಎಂದಳು.

“ಗೊತ್ತು, ಬಾಯಿ ಮುಚ್ಚು. ಕುರ್ಚಿ ಒಳಗಿಡು.”

ಕುರ್ಚಿ ಎತ್ತಿಕೊಂಡು ಹೋದಳು. ಬಾಗಿಲ ಹಿಂದೆ ನಿಂತು ಅಳುತ್ತಿದ್ದದ್ದು ಕೇಳಿಸಿತು. ಹೋಗಿ ಬೆನ್ನು ತಟ್ಟಿದೆ, ಎಷ್ಟಾದರೂ ಅಭ್ಯಾಸಬಲ.

ಸೆಪ್ಟೆಂಬರ್ 12, ಗುರುವಾರ

ಬೆಳಿಗ್ಗೆ ಗುಬ್ಬಿ ಕೂಗಿಕೊಂಡಳು, “ಅತ್ತಿಗೆ, ಬಿಟ್ಟಿದೆ, ಬೇಗ ಬನ್ನಿ!” ಇವರು ತಂಗಿಯನ್ನು ಕರೆಯುತ್ತಿದ್ದದ್ದೂ ಗುಬ್ಬಿ ಎಂದೇ. ಹೋಗಿ ನೋಡಿದೆ. ಗುಲಾಬಿ ಬಣ್ಣ, ಒಳಗೆ ಹಳದಿ ಚುಕ್ಕೆ, ಅಂಗಿಯ ಗುಂಡಿಗಿಂತ ದೊಡ್ಡದಲ್ಲ.

“ಇಷ್ಟೇನಾ?” ಎಂದೆ. “ಇದಕ್ಕಾ ನಿಮ್ಮಣ್ಣ ಇಪ್ಪತ್ತಾರು ವರ್ಷ ಹಲ್ಕಿರಿದದ್ದು?”

“ಇಷ್ಟೇ ಅತ್ತಿಗೆ. ಚೆನ್ನಾಗಿಲ್ವಾ?”

“ಕೂತು ನೋಡಿದ್ರೆ ತಾನೇ ಗೊತ್ತಾಗೋದು.”

ಹುಲ್ಲಿನ ಮೇಲೆ ಕೂತೆವು. ಬಿಸಿಲು ಏರಿ ನೆತ್ತಿ ಸುಡುವವರೆಗೂ ಕೂತಿದ್ದೆವು. ಗುಬ್ಬಿ ಅವಳಣ್ಣ ಚಿಕ್ಕವನಿದ್ದಾಗಿನ ಕಥೆಗಳನ್ನು ಹೇಳಿದಳು, ಒಂದೂ ನನಗೆ ಗೊತ್ತಿರಲಿಲ್ಲ. ಹುಲ್ಲು ಚುಚ್ಚುತ್ತದೆ. ಆದರೂ ಕೂರಲು ತೊಂದರೆಯಿಲ್ಲ.

ನಡುಮನೆಯ ಫೋಟೋ ಮೇಲೆ ಒಂದು ಬೆರಳು ಧೂಳು. ಒರೆಸುವುದನ್ನೇ ಮರೆತಿದ್ದೇವೆ.

ಅಕ್ಟೋಬರ್ 13, ಭಾನುವಾರ

ಗಿಡಗಳು ಒಣಗಿದವು. ಅವುಗಳ ಗುಣವೇ ಅದು. ಚಾರ್ಟಿನಲ್ಲಿ ಏನು ಬರೆಯುವುದೆಂದು ಯೋಚಿಸಿ ‘ಡಿಸ್‌ಚಾರ್ಜ್’ ಎಂದು ಬರೆದೆ. ಬಿಳಿ ತಟ್ಟೆಯ ಮೇಲೆ ಬೀಜ ಬಿಡಿಸಿ, ನಾನು ಚಿಮುಟದಲ್ಲಿ, ಗುಬ್ಬಿ ಸೂಜಿಯ ತುದಿಯಲ್ಲಿ ಎಣಿಸಿದೆವು. ಅರವತ್ತನಾಲ್ಕು. ಐವತ್ತೆರಡನ್ನು ಪೊಟ್ಟಣ ಕಟ್ಟಿ ಸಂಘದ ವಿಳಾಸ ಬರೆದೆ. ಜೊತೆಗೆ ಒಂದು ಸಾಲು: “ದಯವಿಟ್ಟು ನಾಲ್ಕನೆಯ ಪುಟವನ್ನು ಮೊದಲನೆಯದಾಗಿ ಮಾಡಿ.” ಮುಂದಿನ ವರ್ಷಕ್ಕೆಂದು ಹನ್ನೆರಡನ್ನು ಲಕೋಟೆಗೆ ಹಾಕಿ ಫೋಟೋದ ಕೆಳಗಿಟ್ಟೆ.

ಅಕ್ಟೋಬರ್ 14, ಸೋಮವಾರ

ಬೆಳಿಗ್ಗೆ ಅಭ್ಯಾಸದಂತೆ ಲಕೋಟೆ ಬಿಡಿಸಿ ಎಣಿಸಿದೆ. ಒಂಬತ್ತು.

ಮುಂದಿನ ಕೋಣೆಯಲ್ಲಿ ಮಿಷನ್ನಿನ ಸದ್ದು ನಿಂತಿತ್ತು. ನಾನು ಏನನ್ನುತ್ತೇನೋ ಎಂದು ಕಾಯುತ್ತಿದ್ದಳು ಕಳ್ಳಿ.

“ಗುಬ್ಬೀ,” ಎಂದು ಕೂಗಿದೆ, “ಎಣಿಸಿದೆ. ಹನ್ನೆರಡೂ ಇದೆ.”

ಸ್ವಲ್ಪ ಹೊತ್ತಿನ ಮೇಲೆ ಮಿಷನ್ ಮತ್ತೆ ಶುರುವಾಯಿತು.